ಅತ್ತೆಯ ಒಪ್ಪಿಗೆ ಮತ್ತು ಎತ್ತರದ ಕಾರು

ಕಾರು ಓಡಿಸುವಾಗ ನಾನು ಗುನುಗುತ್ತೇನಂತೆ. ಇದನ್ನು ಕಂಡುಹಿಡಿದವರು ಅರಸೀಕೆರೆಯಲ್ಲಿ ನನಗೆ ಡ್ರೈವಿಂಗ್ ಕಲಿಸಿದ ಮೇಷ್ಟ್ರು. ನಲವತ್ತೆರಡನೆಯ ವಯಸ್ಸಿನಲ್ಲಿ, ಕಾಲೇಜು ಹುಡುಗರಿಗೆ ಇತಿಹಾಸ ಹೇಳಿ ಹೇಳಿ ಗಂಟಲು ಒಣಗಿದ ಮೇಲೆ, ನಾನು ಕಾರು ಕಲಿಯಲು ಹೋಗಿದ್ದೆ. ಮೊದಲ ವಾರ ಮೇಷ್ಟ್ರು ತಮ್ಮ ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ. ಎರಡನೆಯ ವಾರ, “ಮೇಡಮ್ನೋರು ಹಾಡು ಶುರು ಮಾಡಿದ್ರು, ಇನ್ನು ಭಯ ಇಲ್ಲ” ಎಂದು ಕಾಲು ಮಡಿಚಿ ಕೂತರು. ಅಂದಿನಿಂದ ಗಾಡಿಯ ಗುಣ ಅಳೆಯಲು ನನಗಿರುವುದು ಇದೊಂದೇ ಅಳತೆ: ಗುನುಗು ಬಂತೋ ಇಲ್ಲವೋ. ನಮ್ಮ ಹಳೆಯ ಕಾರಿನಲ್ಲಿ ಬರುತ್ತಿರಲಿಲ್ಲ. ಅದರ ಗೇರು ಬದಲಿಸುವುದೆಂದರೆ ಹತ್ತು ಜನರ ಮುದ್ದೆಗೆ ಹಿಟ್ಟು ತಿರುವಿದಂತೆ. ಉಸಿರಿಗೇ ತತ್ವಾರ, ಇನ್ನು ಹಾಡೆಲ್ಲಿಯದು?

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಹಳೆಯದನ್ನು ಕೊಟ್ಟು ಹೊಸದು ತರುವ ಮಾತು ಬಂತು. ನಮ್ಮವರು ಉದ್ದನೆಯ, ತಗ್ಗಿನ ಕಾರೊಂದನ್ನು ಮನಸ್ಸಿನಲ್ಲೇ ನಿಶ್ಚಯಿಸಿಬಿಟ್ಟಿದ್ದರು. ಮೈಲೇಜು ಚೆನ್ನ, ಡಿಕ್ಕಿಯಲ್ಲಿ ನಮ್ಮೂರು ಕಣಕಟ್ಟೆಯ ತೋಟದ ತೆಂಗಿನಕಾಯಿ ಎರಡು ಮೂಟೆ ಹಿಡಿಯುತ್ತದೆ, ಇನ್ನೇನು ಬೇಕು? ಸೋಮವಾರ ಹಾಸನಕ್ಕೆ ಹೋಗಿ ಮಾತು ಮುಗಿಸಿ ಬರುವವರಿದ್ದರು. ನನಗೋ, ಬೇರೊಂದರ ಮೇಲೆ ಕಣ್ಣು ಬಿದ್ದಿತ್ತು. ಮೈಕಟ್ಟು ಚಿಕ್ಕದು, ನಿಲುವು ಎತ್ತರ; ಜೀಪಿನ ಗತ್ತು, ಒಳಗೆ ಕಾರಿನ ಮೆತ್ತೆ. ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತದೆಂದು ಕೇಳಿದ್ದೆ. ನಿಜ ಹೇಳಬೇಕೆಂದರೆ, ಓಡಿಸುವುದಕ್ಕೆ ಖುಷಿಯಾಗುತ್ತದೆ ಎನ್ನುವುದನ್ನು ಬಿಟ್ಟರೆ ಅದು ನನಗೆ ಬೇಕೆನ್ನಲು ಬೇರೆ ಕಾರಣವೇ ಇರಲಿಲ್ಲ. ಆದರೆ ಸಂಸಾರದಲ್ಲಿ ಖುಷಿ ಒಂದು ಕಾರಣವೆಂದು ಯಾರು ಒಪ್ಪುತ್ತಾರೆ, ನೀವೇ ಹೇಳಿ. ಹಾಗಾಗಿ “ನಮ್ಮ ರಸ್ತೆ ಗುಂಡಿಗಳಿಗೆ ಎತ್ತರದ ಗಾಡಿಯೇ ಸರಿ” ಎಂದು ಗಂಭೀರವಾಗಿ ಹೇಳಿದೆ.

“ನಮ್ಮ ಕಡೆ ಎತ್ತರದ ಗಾಡಿ ಅಂದ್ರೆ ಬಾಡಿಗೆ ಗಾಡಿ ಕಣೇ. ಎಲ್ಲಾದ್ರೂ ನಿಲ್ಸಿದ್ರೆ ಜನ ಹತ್ತಿ ಕೂತ್ಕೋತಾರೆ ನೋಡ್ತಿರು” ಎಂದರು.

ಇತಿಹಾಸದ ಮೇಡಂ ಅಷ್ಟಕ್ಕೆ ಸೋಲುತ್ತಾಳೆಯೇ? ಹೊಯ್ಸಳರನ್ನು ಕರೆತಂದೆ. ಬೇಲೂರಿಗೆ ಹೋಗಿ, ಹಳೇಬೀಡಿಗೆ ಹೋಗಿ, ಅವರು ದೇವರನ್ನು ನೆಲಮಟ್ಟದಲ್ಲಿ ಕೂರಿಸಿದ್ದಾರೆಯೇ ನೋಡಿ. ಮೊದಲು ಆಳೆತ್ತರದ ಜಗತಿ, ಆಮೇಲೆ ಅದರ ಮೇಲೆ ಗುಡಿ. ಅಷ್ಟು ಎತ್ತರಿಸಿದ ಮೇಲೆ ಒಳಗೆ ಜಿಪುಣತನ ಮಾಡಿದರೇ? ಅಂಗೈಯಗಲದ ಬೊಂಬೆಗೂ ಬಳೆ, ಉಂಗುರ, ಜಡೆಬಿಲ್ಲೆ. ಚಿಕ್ಕದರಲ್ಲಿ ಐಷಾರಾಮ, ಅದೂ ಎತ್ತರದ ಮೇಲೆ! ನಾನು ಕೇಳುತ್ತಿರುವುದೂ ಅದನ್ನೇ ಎಂದೆ. ನಮ್ಮವರು ಅನ್ನಕ್ಕೆ ಸಾರು ಕಲಸುತ್ತಾ, “ಗುಡಿಗೆ ಡೀಸೆಲ್ ಹಾಕ್ಬೇಕಾಗಿರ್ಲಿಲ್ಲ” ಎಂದರು.

ಉಳಿದದ್ದು ಅತ್ತೆ. ಅತ್ತೆ ಕೂತು ನೋಡಿ ‘ಹೂಂ’ ಅನ್ನದೆ ನಮ್ಮ ಮನೆಗೆ ಗಾಡಿ ಬರುವುದಿಲ್ಲ. ಇದು ಕಣಕಟ್ಟೆಯಲ್ಲಿ ಮಾವನವರು ಎತ್ತು ಕೊಳ್ಳುತ್ತಿದ್ದ ಕಾಲದಿಂದ ನಡೆದುಬಂದದ್ದು. ಆಗ ಅತ್ತೆ ಎತ್ತಿನ ಬೆನ್ನು ಸವರಿ ‘ಹೂಂ’ ಅಂದರೆ ವ್ಯಾಪಾರ, ‘ನಿಮ್ಮಿಷ್ಟ’ ಅಂದರೆ ಎತ್ತು ವಾಪಸ್. ಅವರ ‘ನಿಮ್ಮಿಷ್ಟ’ವನ್ನು ಮೀರಿದವರು ನಮ್ಮ ವಂಶದಲ್ಲಿಲ್ಲ. ತಗ್ಗಿನ ಕಾರಿಗೆ ಅವರು ಮಗನ ಮುಖ ನೋಡಿಕೊಂಡು ಆಗಲೇ ಅರ್ಧ ‘ಹೂಂ’ ಕೊಟ್ಟಾಗಿತ್ತು.

ಭಾನುವಾರ ಬೆಳಿಗ್ಗೆ ಹಾಸನದಿಂದ ಟೈ ಕಟ್ಟಿದ ಸೇಲ್ಸ್‌ನವರೊಬ್ಬರು ಎತ್ತರದ ಕಾರನ್ನು ಅರಸೀಕೆರೆಯ ನಮ್ಮ ಮನೆ ಬಾಗಿಲಿಗೆ ತಂದರು. ಹಳೇಬೀಡಿನವರೆಗೆ ಓಡಿಸಿ ನೋಡುವುದೆಂದಾಯಿತು. ನಮ್ಮವರು ಕೆಲಸದ ನೆಪ ಹೇಳಿ ಬರಲಿಲ್ಲ. ಸೇಲ್ಸ್‌ನವರು ಮರ್ಯಾದೆಗೆ ತಾವೇ ಹಿಂದೆ ಕೂತರು. ಹಳೆಯ ಕಾರಿನಲ್ಲಿ ಯಾವಾಗಲೂ ಹಿಂದೆ, ಕಾಯಿಮೂಟೆಗೆ ಒರಗಿ ಕೂರುತ್ತಿದ್ದ ಅತ್ತೆ ಹೀಗೆ ಮುಂದಿನ ಸೀಟಿಗೆ ಬಂದರು. “ಏಸಿ ಹಾಕ್ಲಾ ಅಮ್ಮ?” ಎಂದು ಸೇಲ್ಸ್‌ನವರು ಕೇಳಿದ್ದಕ್ಕೆ, “ಗಾಳಿಗೇನು ಬರ ಬಂದೈತಪ್ಪ?” ಎಂದು ಅತ್ತೆ ಗಾಜು ಇಳಿಸಿದರು. ಬಾಣಾವರ ದಾಟುವಷ್ಟರಲ್ಲಿ ನನ್ನ ಗುನುಗು ಶುರುವಾಗಿತ್ತು. ಸ್ಟೇರಿಂಗ್ ನಿಜಕ್ಕೂ ಒಂದೇ ಬೆರಳಿಗೆ ತಿರುಗುತ್ತಿತ್ತು!

ಹಳೇಬೀಡು ಇನ್ನೂ ಸ್ವಲ್ಪ ದೂರವಿರುವಾಗ, ಮಾದಿಹಳ್ಳಿಯ ಕ್ರಾಸಿನಲ್ಲಿ ಅಜ್ಜಿಯೊಬ್ಬರು ಕೈ ಅಡ್ಡ ಹಾಕಿದರು. ಏನೋ ತೊಂದರೆಯಿರಬೇಕೆಂದು ನಿಲ್ಲಿಸಿದೆ. ಅವರು ಹಿಂದಿನ ಬಾಗಿಲು ತೆಗೆದು, ಸೊಪ್ಪಿನ ಕುಕ್ಕೆಯನ್ನು ಸೇಲ್ಸ್‌ನವರ ತೊಡೆಯ ಮೇಲಿಟ್ಟು, ಹತ್ತಿ ಕೂತೇಬಿಟ್ಟರು. ಅವರ ಹಿಂದೆಯೇ ಹಾಲಿನ ಕ್ಯಾನು ಹಿಡಿದ ಗೌಡರೊಬ್ಬರು ಹತ್ತಿದರು. ಕೆಸರು ಕಾಲು, ಹೊಸ ಮ್ಯಾಟು. ನಮ್ಮವರ ಮಾತು ಅಕ್ಷರಶಃ ನಿಜವಾಯಿತಲ್ಲ! ಗುನುಗು ನಿಂತುಹೋಯಿತು.

“ಹೊತ್ತಾಯ್ತದೆ, ಡ್ರೈವರ್ರು ಎಲ್ಲಿಗೋದ್ನವ್ವ?” ಎಂದರು ಅಜ್ಜಿ.

ಅತ್ತೆ ಹಿಂದಕ್ಕೆ ತಿರುಗಿದರು. “ಇವ್ಳೇ ಡ್ರೈವರ್ರು. ನನ್ನ ಸೊಸೆ. ನೀನು ಒಸಿ ಸರ್ಕೊಳ್ಳಪ್ಪ, ಗೌಡ್ರಿಗೆ ಜಾಗ ಬಿಡು.” ಕೊನೆಯ ಮಾತು ಸೇಲ್ಸ್‌ನವರಿಗೆ. ಅವರು ಟೈಯನ್ನು ಸೊಪ್ಪಿನೊಳಗಿಂದ ಎಳೆದುಕೊಂಡು ಸರಿದರು, ಪಾಪ.

ಇಬ್ಬರನ್ನೂ ಹಳೇಬೀಡಿನಲ್ಲಿ ಇಳಿಸಿ, ಕೆರೆ ಏರಿಯ ಬಳಿ ಗಾಡಿ ತಿರುಗಿಸಿಕೊಂಡು ಹೊರಟೆವು. ಅತ್ತೆ ಒಮ್ಮೆ ಹಿಂದಕ್ಕೆ ತಿರುಗಿ ಮ್ಯಾಟಿನ ಕೆಸರು ನೋಡಿದರು. ಮೈಲಿಯ ಮೇಲೆ ಮೈಲಿ ಕಳೆಯಿತು. ‘ನಿಮ್ಮಿಷ್ಟ’ ಎಂಬ ಮಾತು ಅವರ ಬಾಯಲ್ಲಿ ತಯಾರಾಗುತ್ತಿದೆಯೆಂದೇ ನನಗೆ ಖಾತ್ರಿಯಾಯಿತು. ನಾಳೆಯಿಂದ ತಗ್ಗಿನ ಕಾರು, ಕಾಯಿಮೂಟೆ, ಮೈಲೇಜು. ಸಂಕಟವಾಯಿತು ಕಣ್ರೀ, ಸುಳ್ಳೇಕೆ ಹೇಳಲಿ.

ಅಷ್ಟರಲ್ಲಿ ಗುನುಗು ಕೇಳಿಸಿತು. ನನ್ನದಲ್ಲ. ಅತ್ತೆ ಸೆರಗು ಗಾಳಿಗೆ ಬಿಟ್ಟು, ಮುಂದಿನ ಗಾಜಿನಲ್ಲಿ ಕಣ್ಣು ನೆಟ್ಟು, ರಾಗಿ ಬೀಸುವಾಗಿನ ಯಾವುದೋ ಪದ ಹೇಳಿಕೊಳ್ಳುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ನಾನು ಅವರ ಹಾಡು ಕೇಳಿರಲಿಲ್ಲ.

“ಏನತ್ತೆ?” ಎಂದೆ ಮೆಲ್ಲಗೆ.

“ಎತ್ತಿನ ಗಾಡೀಲಿ ಹೆಂಗಸ್ರು ಹಿಂದ್ಕೆ ಮಖ ಮಾಡ್ಕಂಡು ಕೂರೋದು ಕಣವ್ವ. ಆಮೇಲೆ ಕಾರು ಬಂತು, ಅದ್ರಲ್ಲೂ ಹಿಂದ್ಲ ಸೀಟು. ಬಿಟ್ಟು ಬಂದ ದಾರಿ ಬೇಕಾದಷ್ಟು ನೋಡಿವ್ನಿ. ಹೋಗೋ ದಾರಿ ಹಿಂಗೆ ಎದ್ರಿಗೆ ಬರೋದ್ನ ಇವತ್ತೇ ನೋಡಿದ್ದು.”

ಓಡಿಸುವ ಖುಷಿ ಓಡಿಸುವವರದ್ದು ಮಾತ್ರವೆಂದು ತಿಳಿದು, ಅದಕ್ಕೆ ಹೊಯ್ಸಳರ ಸಾಕ್ಷಿ ತಂದಿದ್ದ ದಡ್ಡಿ ನಾನು.

ಮನೆಯ ಗೇಟಿನಲ್ಲಿ ನಮ್ಮವರು ಕಾಯುತ್ತಿದ್ದರು. ಮ್ಯಾಟಿನ ಕೆಸರು ನೋಡಿ ಮೀಸೆಯಲ್ಲೇ ನಕ್ಕು, “ಹೆಂಗಿತ್ತಮ್ಮ ಗಾಡಿ?” ಎಂದರು. ಅತ್ತೆ ‘ಹೂಂ’ ಅನ್ನಲಿಲ್ಲ, ‘ನಿಮ್ಮಿಷ್ಟ’ವೂ ಅನ್ನಲಿಲ್ಲ, ಕೆಳಗೂ ಇಳಿಯಲಿಲ್ಲ.

“ಹಿಂದ್ಗಡೆ ಹತ್ಕೊಳ್ಳೋ. ಕಣಕಟ್ಟೆಗೋಗಿ ನಿಮ್ಮ ಚಿಕ್ಕಮ್ಮಂಗೆ ತೋರುಸ್ಕಂಡು ಬರಣ.”

ನಮ್ಮವರು ಮುಂದಿನ ಸೀಟು ನೋಡಿದರು, ನನ್ನನ್ನು ನೋಡಿದರು, ಹೋಗಿ ಸೇಲ್ಸ್‌ನವರ ಪಕ್ಕ ಕೂತರು.

ಆ ಕಾರು ನಮ್ಮಲ್ಲೇ ಇದೆ. ಹಳೇಬೀಡಿನ ದಾರಿಯಲ್ಲಿ ಜನ ಈಗಲೂ ಕೈ ಅಡ್ಡ ಹಾಕುತ್ತಾರೆ, ನಾನು ನಿಲ್ಲಿಸುತ್ತೇನೆ. ನೀವು ಸಿಕ್ಕರೂ ಹತ್ತಿಕೊಳ್ಳಿ, ಹಿಂದೆ ನಮ್ಮವರ ಪಕ್ಕ ಧಾರಾಳವಾಗಿ ಜಾಗವಿದೆ. ಮುಂದಿನ ಸೀಟಿನ ಮಾತು ಮಾತ್ರ ಎತ್ತಬೇಡಿ.