ಎಲ್ಮಿನಾದ ಬಾಜೂ ಮನಿಯಾಕಿ

ಇಲ್ಲೆ ಪರದೇಶದಾಗ, ವುಡ್‌ಬ್ರಿಡ್ಜ್ ಅನ್ನೋ ಊರಿನ ಫ್ಯಾಕ್ಟರಿಯೊಳಗ ನನ್ನ ಜೋಡಿ ಕೆಲಸ ಮಾಡೋ ಅಕೋಸುವಾ ಘಾನಾದಾಕಿ. ಅಲ್ಲೆ ಎಲ್ಮಿನಾ ಅಂತ ಸಮುದ್ರದ ದಂಡಿಗಿರೋ ಹಳೇ ಊರಿನ ಹತ್ರ ಮನಿ ಕಟ್ಟಾಕ ಪ್ಲಾಟ್ ನೋಡಾಕತ್ತಿದ್ಲು. ಒಂದಿನ ಲಂಚ್ ಬ್ರೇಕಿನ್ಯಾಗ ವಿಡಿಯೋ ಕಾಲ್ ಹಚ್ಚಿದ್ಲು. ಏಜೆಂಟ್ ಸಮುದ್ರ ತೋರಿಸಿದ, ದೂರದ ಬಿಳೀ ಕೋಟೆ ತೋರಿಸಿದ. ಈಕಿ, “ಅದಿರಲಿ, ಬಾಜೂ ಮನಿಯವರಿಗೆ ಫೋನ್ ಕೊಡು” ಅಂದ್ಲು.

ಬಾಜೂಕ ಮೀನ ಹೊಗಿಗೆ ಒಣಗಸಾಕತ್ತಿದ್ದ ಮುದುಕಿ ಫೋನ್ ಇಸ್ಕೊಂಡು ತಾನ ಪ್ರಶ್ನೆ ಕೇಳಾಕ ಶುರು ಮಾಡಿದ್ಲು. ಸೂಪರ್‌ವೈಸರ್‌ಗೂ ಸೊಪ್ಪು ಹಾಕದ ಅಕೋಸುವಾ ಹೆಲ್ಮೆಟ್ ತಗದು ನೆಟ್ಟಗ ಕುಂತು ಉತ್ತರ ಕೊಟ್ಲು.

“ಏನಂತ ಆಕಿದು?” ಅಂತ ಆಮ್ಯಾಲೆ ಕೇಳಿದೆ.

“ಮನಿ ಕಟ್ಟಿ ಕೀಲಿ ಹಾಕ್ಕೊಂಡು ಹೋಗಾಕಿ ಆದ್ರ ಬರಬ್ಯಾಡ, ಒಂದ ತಾಟು ಊಟ ಕಳಸಾಕ ಬಾಜೂಕ ಮಂದಿ ಇರಬೇಕು ಅಂದ್ಲು. ನಾ ಊರಿಗೆ ಹೋಗೂತನಕ ಆ ಮನ್ಯಾಗ ನಮ್ಮಕ್ಕ ಇರ್ತಾಳ ಅಂದೆ. ಮೊದಲ ಆಕಿನ್ನ ನೋಡಬೇಕಂತ. ಮುದುಕಿ ಹೂಂ ಅಂದಮ್ಯಾಲೆ ರೊಕ್ಕ.”

ನಮ್ಮ ಕಡೆ ಕನ್ಯಾ ತೋರಿಸಿದಂಗ, ಅಲ್ಲೆ ಮನಿಗೆ ಬರೋರನ್ನ ತೋರಸ್ತಾರ. ನನಗ ಭಾಳ ಛಲೋ ಅನಿಸ್ತು.

ಇಲ್ಲೆ ನಾ ಮನಿ ತಗೋಳಾಗ ಬ್ಯಾಂಕಿನವರು ಎಲ್ಲಾ ಕೇಳಿದ್ರು. ಬಾಜೂ ಮನಿಯವರ ಹೆಸರು ಮಾತ್ರ ನನಗ ಇವತ್ತಿಗೂ ಗೊತ್ತಿಲ್ಲ. ಆ ಮುದುಕಿ ನಮ್ಮ ಓಣ್ಯಾಗ ಇದ್ದಿದ್ರ, ನನಗ ಮನೀನ ಸಿಗ್ತಿದ್ದಿಲ್ಲ.