ಗಂಟು ಕಟ್ಟಿದ ಚೀಲದೊಳಗಿನ ರೊಟ್ಟಿ

ಮಾರ್ಗಿಲಾನ್ ಪಟ್ಟಣದ ನಮ್ಮ ಬೀದಿಯಲ್ಲಿ ಹೋಜರ್ ಅಜ್ಜಿಯಷ್ಟು ಕಾಲುವೆಗೆ ಹೆದರಿ ಬಾಳಿದವರು ಇನ್ನೊಬ್ಬರಿಲ್ಲ. ರೇಷ್ಮೆಗೆ ಬಣ್ಣ ಹಾಕಿಯೇ ಮಕ್ಕಳನ್ನು ಸಾಕಿದವಳು. ಆದರೂ ಬಣ್ಣದ ನೀರನ್ನು ಹಿತ್ತಲ ಗುಂಡಿಗೆ ಹೊತ್ತು ಸುರಿದಳೇ ಹೊರತು ಕಾಲುವೆಗೆ ಒಂದು ಹನಿ ಬಿಡಲಿಲ್ಲ. ಅದರಲ್ಲಿ ಉಗುಳಿದ ಹುಡುಗರ ಕಿವಿ ಹಿಂಡುತ್ತಿದ್ದಳು.

ಹಳಸಿದ ರೊಟ್ಟಿಯನ್ನು ಮಾತ್ರ ಕಾಲುವೆಗೇ ಬಿಡುತ್ತಿದ್ದಳು. ನಾವೆಲ್ಲ ಬಿಡುವವರೇ. ರೊಟ್ಟಿ ಕಸದ ಜೊತೆ ಸೇರಬಾರದು. ದನ ಸಾಕುವವರು ಬೀದಿಯಲ್ಲಿ ಉಳಿದಿಲ್ಲ, ಬೂಸ್ಟು ಹಿಡಿದದ್ದನ್ನು ಹಕ್ಕಿಯೂ ಮುಟ್ಟುವುದಿಲ್ಲ. ನೀರಾದರೆ ಮರ್ಯಾದೆಯಿಂದ ಒಯ್ಯುತ್ತದೆ.

ಈ ವಸಂತದಲ್ಲಿ ಅವಳ ಮೊಮ್ಮಗಳು ಮುಅತ್ತರ್ ಶಾಲೆಯ ಗೆಳತಿಯರನ್ನು ಕಟ್ಟಿಕೊಂಡು ಕಾಲುವೆ ಶುಚಿಮಾಡಲು ನಿಂತಳು. ಮನೆಮನೆಗೂ ಭಾಷಣ, ಮೂಲೆಮೂಲೆಗೂ ಕಸದ ಡಬ್ಬಿ. ಅಷ್ಟಾದ ಮೇಲೂ ಒಂದು ಬೆಳಿಗ್ಗೆ ಕಾಲುವೆ ಕಟ್ಟಿಕೊಂಡು ನೀರೆಲ್ಲ ನನ್ನ ಅಂಗಳಕ್ಕೆ ನುಗ್ಗಿತು. ನನ್ನ ಮಣ್ಣಿನ ತಂದೂರು ಕರಗಿ ಕೆಸರಾಯಿತು. ನನ್ನ ಕೂಗಿಗೆ ಬೀದಿಗೆ ಬೀದಿಯೇ ಸೇರಿತು.

ಮುಅತ್ತರ್ ಕಾಲುವೆಯ ಅಡ್ಡಸರಳಿಗೆ ಸಿಕ್ಕಿದ್ದ ಪ್ಲಾಸ್ಟಿಕ್ ಚೀಲವೊಂದನ್ನು ಎಳೆದು ಎತ್ತಿ ಹಿಡಿದಳು. "ಇದ್ಯಾವ ಕತ್ತೆ ಕೆಲ್ಸ? ನಾಚ್ಕೆ ಆಗಲ್ವಾ?"

"ಆ ಕೈಗೆ ಹುಳ ಬೀಳ!" ಎಂದೆ ನಾನು.

"ನಂದೇ ಕಣ್ರೇ," ಎಂದಳು ಹೋಜರ್ ಅಜ್ಜಿ.

ಚೀಲದೊಳಗೆ ನೀರು ಕುಡಿದು ಊದಿದ ರೊಟ್ಟಿಗಳಿದ್ದವು.

"ಅಯ್ಯೋ ಅಜ್ಜಿ, ಪ್ಲಾಸ್ಟಿಕ್ಕಲ್ಲಿ ಕಟ್ಟಿ ಬಿಡ್ತಾರಾ?" ಎಂದಳು ಮುಅತ್ತರ್.

"ಮತ್ತಿನ್ನೇನ್ ಮಾಡ್ಲಿ? ನೀರು ಕೊಳಕು, ಕೊಳಕು ಅಂತ ದಿನಾ ಬಡ್ಕೊಂಡೋಳು ನೀನೇ. ಆ ಕೊಳಕಿಗೆ ರೊಟ್ಟೀನ ಹಂಗೇ ಬಿಡಕ್ಕಾಗತ್ತಾ? ಸರಿ, ಈಗ ಎಲ್ಲಿಗೆ ಹಾಕ್ಲಿ ಹೇಳು."

ಹುಡುಗಿ ಡಬ್ಬಿಯ ಬಳಿಗೆ ಹೋಗಿ ಮುಚ್ಚಳ ತೆಗೆದಳು. ಒಳಗೆ ಮಗುವಿನ ಹೇಲಿನ ಬಟ್ಟೆಗಳು. ಅವಳ ಕೈ ಮುಂದೆ ಹೋಗಲೇ ಇಲ್ಲ. ಮುಚ್ಚಳ ಹಾಕಿ, ಒದ್ದೆ ರೊಟ್ಟಿಯನ್ನು ಹಣೆಗೆ ಮುಟ್ಟಿಸಿಕೊಂಡು, ನಮ್ಮೆಲ್ಲರ ಮುಖ ನೋಡುತ್ತ ನಿಂತಳು. ಅದನ್ನು ಎಲ್ಲಿಗೆ ಹಾಕಬೇಕೆಂದು ಅಷ್ಟು ಬಾಯಿ ಮಾಡಿದ ನನಗೆ ಇವತ್ತಿಗೂ ತೋಚಿಲ್ಲ.

ಆಮೇಲೆ ಅಜ್ಜಿ ಕಾಲುವೆಗೆ ಏನನ್ನೂ ಬಿಡಲಿಲ್ಲ. ಹಳಸಿದ್ದನ್ನೆಲ್ಲ ಚಹಾದಲ್ಲಿ ಅದ್ದಿ ತಾನೇ ತಿಂದಳು. ಮೊನ್ನೆ ನೋಡಲು ಹೋದೆ. ಹೊಟ್ಟೆ ಹಿಡಿದುಕೊಂಡು ಮಲಗಿದ್ದಳು. ಮುಅತ್ತರ್ ಬಿಸಿ ರೊಟ್ಟಿಯನ್ನು ಬದಿಗಿಟ್ಟು, ನಿನ್ನೆಯ ಒಣಕಲನ್ನು ಅಗಿಯುತ್ತಿದ್ದಳು. ಕಣ್ಣು ತುಂಬಿತ್ತು.

"ಬಿಸೀದು ತಿನ್ನೇ ಹುಚ್ಚಿ," ಎಂದೆ.

"ಇದು ಉಳಿದ್ರೆ ಅಜ್ಜಿ ತಿಂತಾಳೆ," ಎಂದಳು.