ಸಮಿತಿಯವರು ಸಂಕ ಹತ್ತಿದ ದಿನ

ಮಂಕಿಯಿಂದ ಮೂಡು ದಿಕ್ಕಿಗೆ ಮೂರು ಮೈಲಿ ಹೋದರೆ ಗುಂಡಿಕೇರಿ. ಹಳ್ಳದ ಆಚೆ ಹದಿನಾಲ್ಕು ಮನೆ, ಈಚೆ ರಸ್ತೆ, ಶಾಲೆ, ರೇಷನ್ ಅಂಗಡಿ, ನಡುವೆ ಚೌಡ. ಇದು ಅತಿಯಾಯಿತು ಎಂದು ಯಾರಾದರೂ ಅಂದರೆ ಅನ್ನಲಿ. ಮೂವತ್ತನಾಲ್ಕು ಮಳೆಗಾಲ ಆ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಹಾಕಿ ಊರನ್ನು ದಾಟಿಸಿದವನು ಅವನೇ. ಅವನ ಸಂಕದಿಂದ ಒಂದು ಕೋಳಿಮರಿಯೂ ನೀರಿಗೆ ಬಿದ್ದಿಲ್ಲ ಎಂಬುದು ಅವನ ಹೆಮ್ಮೆ. ಆ ಮಾತನ್ನು ದಿನಕ್ಕೆರಡು ಸಲ ಹೇಳುತ್ತಾನೆ ಎಂಬುದು ಹೆಂಡತಿ ಲಕ್ಕಿಯ ದೂರು.

ಎರಡು ವರ್ಷದ ಹಿಂದೆ ಸರ್ಕಾರ ಅಲ್ಲೊಂದು ಕಾಂಕ್ರೀಟ್ ಕಾಲುಸಂಕ ಕಟ್ಟಿತು. ಹಳ್ಳದ ಮೇಲೆ ಕಟ್ಟಿತು ನಿಜ, ದಡಕ್ಕೆ ಮುಟ್ಟಿಸುವುದನ್ನು ಮಾತ್ರ ಮರೆಯಿತು. ಎರಡು ತುದಿಯೂ ನೆಲದಿಂದ ಆಳೆತ್ತರ ಮೇಲೆ. ಬಿಲ್ಲು ಮಾಡಿಸಿಕೊಂಡು ಹೋದ ಗುತ್ತಿಗೆದಾರ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಚೌಡ ಕೈಕಟ್ಟಿ ಕೂರುವ ಆಸಾಮಿಯಲ್ಲ. ಎರಡೂ ತುದಿಗೆ ಅಡಿಕೆ ಮರಗಳನ್ನು ಆನಿಸಿ, ಕಚ್ಚು ಹಾಕಿ ಮೆಟ್ಟಿಲು ಮಾಡಿ, ಹಿಡಿದುಕೊಳ್ಳಲು ಬಿದಿರು ಕಟ್ಟಿದ. ಊರು ಮೊದಲಿನಂತೆಯೇ ದಾಟತೊಡಗಿತು.

ವಿಧಾನ ಪರಿಷತ್ತಿನ ಸದಸ್ಯೆ ಸುಪ್ರಿಯಾಗೆ ಒಂದು ಅಭ್ಯಾಸವಿದೆ. ಅಧಿವೇಶನ ಮುಗಿದದ್ದೇ ತಡ, ಸರ್ಕಾರ ಕೊಟ್ಟ ಉತ್ತರಗಳ ಕಟ್ಟು ಹಿಡಿದು ಭಟ್ಕಳದಿಂದ ಕುಮಟಾದವರೆಗೆ ಪಂಚಾಯತಿಯಿಂದ ಪಂಚಾಯತಿಗೆ ತಿರುಗುತ್ತಾರೆ. ಪ್ರಶ್ನೆ ಯಾರದೋ ಅವರ ಜಗಲಿಯಲ್ಲೇ ಕೂತು ಉತ್ತರ ಓದಿ ಹೇಳುತ್ತಾರೆ. ಅವರಿಗೆ ಓಟು ಹಾಕಿ ಕಳಿಸಿದ ಪಂಚಾಯತಿ ಮೆಂಬರುಗಳಿಗೂ ಇದೆಂತ ಹುಚ್ಚು ಅನ್ನಿಸಿದ್ದುಂಟು. ಗುಂಡಿಕೇರಿಯ ಪ್ರಶ್ನೆ ಲಕ್ಕಿ ಕೊಟ್ಟ ಅರ್ಜಿಯದು. ಹಾಗಾಗಿ ಜುಲೈ ಕೊನೆಯ ಒಂದು ಮಧ್ಯಾಹ್ನ, ಅದೇ ಅಡಿಕೆ ಮರ ಹಿಡಿದು ಇಳಿದು, ಸುಪ್ರಿಯಾ ಚೌಡನ ಜಗಲಿಗೆ ಬಂದರು.

ಉತ್ತರದ ಜೊತೆಗೊಂದು ಫೋಟೋ ಇತ್ತು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಕಾಲುಸಂಕದಿಂದ ಇಳಿಯುತ್ತಿದ್ದಾಳೆ. ಚೌಡ ಕುಣಿದಾಡುವುದೊಂದು ಬಾಕಿ.

"ಇದು ನನ್ ಮರ! ನೋಡೇ ಲಕ್ಕಿ, ನಾ ಹಾಕದ್ ಮರ ವಿಧಾನಸೌಧಕ್ ಹೋಗ್ ಬಂದದೆ!"

ಸುಪ್ರಿಯಾ ನಗಲಿಲ್ಲ. "ಚೌಡಣ್ಣ, ಈ ಫೋಟೋ ಇಟ್ಟೇ ಮಂತ್ರಿಗಳು ಕಾಮಗಾರಿ ಪೂರ್ಣಗೊಂಡಿದೆ, ಸಾರ್ವಜನಿಕರು ಓಡಾಡುತ್ತಿದ್ದಾರೆ ಅಂತ ಉತ್ತರ ಕೊಟ್ಟದ್ದು."

"ನೀವ್ ಎಂತ ಅಂದ್ರಿ ಮತ್ತೆ?" ಎಂದಳು ಲಕ್ಕಿ.

"ಕಾಂಕ್ರೀಟಿಗೆ ಹತ್ತುದು ಹೇಗೆ ಅಂತ ಉಪಪ್ರಶ್ನೆ ಕೇಳ್ದೆ. ಸ್ಥಳ ನೋಡಿ ಸರಿಮಾಡ್ತೇವೆ ಅಂದ್ರು. ಸದನದಲ್ಲಿ ಕೊಟ್ಟ ಮಾತು ನಡೀತೋ ಇಲ್ವೋ ನೋಡುಕೆ ಭರವಸೆಗಳ ಸಮಿತಿ ಅಂತ ಅದೆ. ಬರುವ ತಿಂಗಳು ಅವ್ರೇ ಬರ್ತಾರೆ."

"ಬಂದು, ಇವ್ರ ಮರದ್ ಮೇಲೇ ದಾಟಿ, ಎಲ್ಲ ಸರಿ ಅದೆ ಅಂತ ಬರ್ಕಂಡ್ ಹೋಗ್ತಾರೆ. ಅಷ್ಟೇಯ," ಎಂದಳು ಲಕ್ಕಿ.

ಚೌಡನ ಮುಖ ಸಪ್ಪಗಾಯಿತು. ತನ್ನ ಕೈಕೆಲಸವೇ ಸರ್ಕಾರದ ಸುಳ್ಳಿಗೆ ಸಾಕ್ಷಿ ನುಡಿದು ಬಂದಿತ್ತು. ಮರ ಇದ್ದರೆ ಕಾಲುಸಂಕ ಎಂದೆಂದಿಗೂ ಹೀಗೇ. ಮರ ತೆಗೆದರೆ? ಹಾಕಿದ ಸಂಕವನ್ನು ನೀರು ಇಳಿಯುವ ಮೊದಲು ತೆಗೆಯಬಾರದು ಎಂದು ಅಪ್ಪ ಹೇಳಿ ಹೋಗಿದ್ದ. ಆ ಮಾತನ್ನು ಅವನು ಒಂದು ದಿನಕ್ಕೂ ಮೀರಿದವನಲ್ಲ. ತೆಗೆಯಿರಿ ಎಂದು ಸುಪ್ರಿಯಾ ಹೇಳಲಿಲ್ಲ, ಹೇಳುವ ಧೈರ್ಯವೂ ಅವರಿಗಿರಲಿಲ್ಲ. ಹಳ್ಳ ಆಗ ಕೆಂಪಗೆ ಮೊರೆಯುತ್ತಿತ್ತು.

ಮುಂದಿನ ತಿಂಗಳು, ಸಮಿತಿ ನಾಳೆ ಹನ್ನೊಂದು ಗಂಟೆಗೆ ಬರುವುದೆಂದು ಪಂಚಾಯತಿ ಮೆಂಬರ್ ರವೀಂದ್ರ ಸುದ್ದಿ ತಂದ. ಮರುದಿನ ಬೆಳಿಗ್ಗೆ ಕೇರಿಯ ಒಂಬತ್ತು ಮಕ್ಕಳು ಶಾಲೆಗೆ ದಾಟಿ ಹೋಗುವವರೆಗೂ ಚೌಡ ದಡದಲ್ಲೇ ನಿಂತಿದ್ದ. ಆಮೇಲೆ ನೆರೆಮನೆಯ ಸೋಮನನ್ನು ಕರೆದು ಕೇರಿಯ ಕಡೆಯ ಮರಗಳನ್ನು ಇಳಿಸಿದ. ರಸ್ತೆಯ ಕಡೆಯವನ್ನು ಮುಟ್ಟಲಿಲ್ಲ.

ಹನ್ನೊಂದಾಯಿತು, ಒಂದಾಯಿತು. ಸಮಿತಿಯವರು ಇಡಗುಂಜಿಯಲ್ಲಿ ಗಣಪತಿಗೆ ಕೈಮುಗಿದು, ಹೊನ್ನಾವರದಲ್ಲಿ ಊಟಕ್ಕೆ ಕೂತಿದ್ದರು. ದೊಡ್ಡವರ ಹನ್ನೊಂದು ಗಂಟೆ ಯಾವತ್ತು ಹನ್ನೊಂದಕ್ಕೆ ಬಡಿದಿದೆ ಹೇಳಿ? ಶಾಲೆ ಬಿಡುವುದು ನಾಲ್ಕಕ್ಕೆ; ಅದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಚೌಡ ಎದ್ದು ಮರಕ್ಕೆ ಕೈ ಹಾಕಿದ.

ರವೀಂದ್ರ ರಸ್ತೆಯ ಕಡೆಯ ದಡದಿಂದ ಕೂಗಿಕೊಂಡ. "ಅರ್ಧ ತಾಸು ತಡೀರಾ! ಮಂಕಿ ದಾಟಿದ್ರಂತೆ! ಈಗ್ ಮರ ಹಾಕದ್ರೆ ಎಲ್ಲ ಹಾಳಾಗ್ತದೆ!"

"ಸಮಿತಿ ನಾಳೆ ಬಂದ್ರೂ ಅಡ್ಡಿಲ್ಲ," ಎಂದ ಚೌಡ. "ಮಕ್ಕಳು ಇವತ್ತೇ ಬರೂದು. ಹಿಡಿಯೋ ಸೋಮ."

ಮರ ಇನ್ನೂ ಹೆಗಲಿಗೇರಿರಲಿಲ್ಲ, ರಸ್ತೆಯ ಕಡೆಯ ದಡದಲ್ಲಿ ಮೂರು ಕಾರು ಬಂದು ನಿಂತವು. ಹಿಂದೆಯೇ ಶಾಲೆ ಬಿಟ್ಟಿತು. ಸಮಿತಿಯ ಐದು ಮಂದಿ, ಅಧ್ಯಕ್ಷರು, ಇಂಜಿನಿಯರು, ಸುಪ್ರಿಯಾ ಎಲ್ಲರೂ ರಸ್ತೆಯ ಕಡೆಯ ಅಡಿಕೆ ಮರವನ್ನು ಅಂಬೆಗಾಲಿಟ್ಟ ಹಾಗೆ ಏರಿದರು. ಮಕ್ಕಳು ಅವರ ಸಂದಿಯಲ್ಲಿ ನುಗ್ಗಿ ಮುಂದೆ ಓಡಿದವು, ತುದಿಗೆ ಹೋಗಿ ಗಕ್ಕನೆ ನಿಂತವು. ಅವುಗಳ ಹಿಂದೆ ಸಮಿತಿಯೂ ನಿಂತಿತು. ಕೆಳಗೆ ಆಳೆತ್ತರ ಬಯಲು, ಕೆಸರು. ಎದುರಿಗೆ ಹೆಗಲ ಮೇಲೆ ಮರ ಹೊತ್ತ ಚೌಡ.

"ಇಳಿಯೋದು ಎಲ್ಲಿ?" ಎಂದರು ಅಧ್ಯಕ್ಷರು.

"ಹತ್ತು ನಿಮಿಷ ನಿಲ್ಲಿ ಸ್ವಾಮಿ," ಎಂದ ಚೌಡ ಕೆಳಗಿನಿಂದ. "ಸರ್ಕಾರದ್ದು ಅಲ್ಲಿಗೇ ಮುಗೀತದೆ. ಇಲ್ಲಿಂದ ನಂದು."

ಅವನು ಮರ ಆನಿಸಿದ, ಬಿದಿರು ಬಿಗಿದ, ಮೊದಲು ಮಕ್ಕಳನ್ನು ಒಂದೊಂದಾಗಿ ಇಳಿಸಿಕೊಂಡ. ಅಧ್ಯಕ್ಷರ ಸರದಿ ಕೊನೆಗೆ ಬಂತು. ಚೌಡನ ಕೈ ಹಿಡಿದು ಇಳಿದವರು ನೆಲ ಮುಟ್ಟಿದ ಮೇಲೂ ಒಂದು ಗಳಿಗೆ ಆ ಕೈ ಬಿಡಲಿಲ್ಲ.

ಬೆಳಗಾವಿಯ ಅಧಿವೇಶನದಲ್ಲಿ ಸಮಿತಿಯ ವರದಿ ಮಂಡನೆಯಾಯಿತು. ಕಾಮಗಾರಿ ಪೂರ್ಣಗೊಂಡಿರಲಿಲ್ಲ ಎಂದು ಮಂತ್ರಿಗಳು ಒಪ್ಪಿಕೊಂಡರು. ಸುಪ್ರಿಯಾ ಅಷ್ಟಕ್ಕೇ ಬಿಡಲಿಲ್ಲ. ಇನ್ನು ಮುಗಿಯಿತು ಎನ್ನುವುದು ಇಲಾಖೆಯಲ್ಲ, ದಾಟುವ ಊರವರು ಎಂದು ಹಟ ಹಿಡಿದು ಅದಕ್ಕೂ ಮಂತ್ರಿಗಳ ಬಾಯಿಂದ ಭರವಸೆ ಹೊರಡಿಸಿದರು. ಊರ ಪರವಾಗಿ ನೋಡಿ ಸಹಿ ಹಾಕಲು ಗುಂಡಿಕೇರಿಯವರು ಒಬ್ಬನೇ ಒಬ್ಬನ ಹೆಸರು ಕೊಟ್ಟರು. ಯಾರದೆಂದು ಬೇರೆ ಹೇಳಬೇಕೆ?

ಏಪ್ರಿಲ್‌ನಲ್ಲಿ ಎರಡೂ ಕಡೆ ಕಾಂಕ್ರೀಟ್ ಇಳಿಜಾರು ಎದ್ದಿತು. ಇಂಜಿನಿಯರು ಕಾಗದ ಹಿಡಿದು ಚೌಡನ ಸಹಿಗೆ ಬಂದರು. ಚೌಡ ಏರಿ, ದಾಟಿ, ಇಳಿದು, ಆಗದೆಂದು ತಲೆಯಾಡಿಸಿದ.

"ಹಿಡ್ಕಣೂಕೆ ಎಂತದೂ ಇಲ್ವಲ. ಮುದುಕ್ರು ಇಳಿಯೂದ್ ಹೆಂಗೆ?"

"ಅದು ಎಸ್ಟಿಮೇಟಲ್ಲಿ ಇಲ್ಲ ಚೌಡಣ್ಣ."

"ನನ್ ಎಸ್ಟಿಮೇಟಲ್ಲಿ ಅದೆ."

ಸಹಿ ಬೀಳಲಿಲ್ಲ. ಹನ್ನೆರಡು ದಿನ ಕಾಗದ ಹಾಗೇ ಉಳಿಯಿತು. ಹದಿಮೂರನೆಯ ದಿನ ಎರಡೂ ಇಳಿಜಾರಿಗೆ ಕಬ್ಬಿಣದ ಪೈಪು ಬಂತು. ಕೇರಿಯೆಲ್ಲ ದಡದಲ್ಲಿ ನೆರೆದಿತ್ತು, ಸುಪ್ರಿಯಾ ಕುಮಟಾದಿಂದ ಬಂದಿದ್ದರು. ಚೌಡ ಪೈಪು ಅಲುಗಾಡಿಸಿ ನೋಡಿದ. ಕಣ್ಣು ಮುಚ್ಚಿ, ಬರೀ ಕೈಯಾಸರೆಯಲ್ಲಿ ಈ ದಡದಿಂದ ಆ ದಡಕ್ಕೆ ನಡೆದ. ಮತ್ತೆ ಮರಳಿ ಬಂದ. ಅವನ ಎದೆ ಉಬ್ಬಿತ್ತು, ಅದನ್ನು ಮುಚ್ಚಿಡುವ ಉದ್ದೇಶವೂ ಅವನಿಗಿರಲಿಲ್ಲ.

"ಆತು," ಎಂದ.

ಆಮೇಲೆಯೇ ಇಂಜಿನಿಯರು ಕಾಗದದಲ್ಲಿ ಪೂರ್ಣಗೊಂಡಿದೆ ಎಂದು ಬರೆದರು.